ತೊಡೆಯ ಪಟ್ಟಿ ಮುಟ್ಟದೆ ಕೂತ ಬೇಸಿಗೆ

ಇಂದು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಎದ್ದು ಹಿಂದಿನ ಅಂಗಳ ಗುಡಿಸಿದೆ. ದೋಸೆ ಹಿಟ್ಟು ಹುಳಿ ಬಂದಿರಲಿಲ್ಲ, ಅವಲಕ್ಕಿ ಕಲಸಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಯಜಮಾನರಿಗೆ ಬುತ್ತಿ ಕಟ್ಟಿದೆ. ಎರಡು ಹಾಸಿಗೆ ಹೊದಿಕೆ ಒಗೆದು ಒಣಹಾಕಿದೆ. ಪಂಪಿಗೆ ಕರೆಂಟು ಬರುವವರೆಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದೆ. ಅತ್ತೆಗೆ ಮಾತ್ರೆ ಕೊಟ್ಟೆ. ಆಮೇಲೆ ಅವರ ಮೊಣಕಾಲಿಗೆ ಹಚ್ಚಲು ಕಬ್ಬಿಣದ ಸೌಟಿನಲ್ಲಿ ತೆಂಗಿನೆಣ್ಣೆ ಬೆಚ್ಚಗೆ ಮಾಡಿದೆ.

ಎಣ್ಣೆ ಬೆಚ್ಚಗಾಗಿ ವಾಸನೆ ಬಿಟ್ಟಾಗ ನನ್ನ ಕೈ ಒಮ್ಮೆ ನಿಲ್ಲುತ್ತದೆ. ದಿನವೂ ಅಲ್ಲ, ಕೆಲವು ದಿನ. ಇಂದು ನಿಂತಿತು. ಅತ್ತೆ ಕಾಲು ಚಾಚಿ ಕೂತು, "ಎಂತಕ್ಕೆ ನಿಂತೆ ಹೆಣ್ಣೆ? ಆರಿ ಹೋಗ್ತದೆ, ಹಚ್ಚು" ಅಂದರು. ಅವರಿಗೆ ಆ ಬೇಸಿಗೆ ಮರೆತು ಹೋಗಿದೆ. ಅಥವಾ ಮರೆತವರ ಹಾಗೆ ಇದ್ದಾರೆ, ನನಗೋಸ್ಕರ.

ಮೂರು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ವಾರ ಆಗಿರಬೇಕು. ನನ್ನ ನಾದಿನಿ ಸುಲೋಚನ, ಮನೆಯವರಿಗೆಲ್ಲ ಸುಲು, ಮುರ್ಡೇಶ್ವರದ ಹತ್ತಿರ ಅಂಗನವಾಡಿ ಟೀಚರು. ಕೆಲಸ ಮುಗಿಸಿ ಸ್ಕೂಟರಿನಲ್ಲಿ ತೆಂಗಿನಗುಂಡಿಯ ತನ್ನ ಮನೆಗೆ ಹೊರಟವಳು, ಹೈವೇ ಅಗಲ ಮಾಡಲು ಹಾಕಿದ್ದ ಜಲ್ಲಿಯ ಮೇಲೆ ಜಾರಿದಳು. ಎಲುಬು ಒಂದೂ ಮುರಿದಿರಲಿಲ್ಲ. ಆದರೆ ಎಡಗಾಲು ಸ್ಕೂಟರಿನ ಅಡಿಗೆ ಸಿಕ್ಕಿ ಎಳೆದುಕೊಂಡು ಹೋಗಿ, ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗೆ ಚರ್ಮವೇ ಹೋಗಿತ್ತು. ಭಟ್ಕಳದಲ್ಲಿ ತೊಳೆದು ಪಟ್ಟಿ ಕಟ್ಟಿ, "ಇದು ಇಲ್ಲಿ ಆಗುವಂಥದ್ದಲ್ಲ" ಎಂದು ಆಂಬುಲೆನ್ಸಿನಲ್ಲಿ ಕೂರಿಸಿ ತೆಂಕಕ್ಕೆ, ಪಕ್ಕದ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಮ್ಮ ಕಡೆಯವರಿಗೆ ದೊಡ್ಡದೇನಾದರೂ ಆದರೆ ಅದೇ ದಾರಿ.

ಅಲ್ಲಿ ಎರಡು ವಾರ ಗಾಯ ತೊಳೆದು ಶುದ್ಧ ಮಾಡಿದ ಮೇಲೆ ಅವಳ ಬಲತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕಾಲಿಗೆ ಹಾಕಿದರು. ಚರ್ಮ ಕಸಿ ಎಂದರು. ಮಾವಿನ ಗಿಡಕ್ಕೆ ಕಸಿ ಕಟ್ಟುವುದು ಕಂಡವಳು ನಾನು, ಕೊಂಬೆ ಕೊಟ್ಟ ಗಿಡದ ಬಗ್ಗೆ ಯಾವತ್ತೂ ಯೋಚಿಸಿದವಳಲ್ಲ. ಸುಲುವಿಗೆ ಕಾಲಿಗಿಂತ ತೊಡೆಯೇ ಹೆಚ್ಚು ನೋಯುತ್ತಿತ್ತು. "ನೋಡತ್ತಿಗೆ, ಬಿದ್ದ ಕಾಲು ಸುಮ್ಮಂಗೆ ಮಲ್ಗಿದೆ. ಎಂತ ತಪ್ಪೂ ಮಾಡದ ತೊಡೆ ಬೊಬ್ಬೆ ಹಾಕ್ತದೆ" ಅನ್ನುತ್ತಿದ್ದಳು.

ಅವಳ ಗಂಡ ಬೋಟಿನ ಮೇಲೆ ಹೋಗುವವನು. ಮಳೆಗಾಲಕ್ಕೆ ಬೋಟು ದಡ ಸೇರುವ ಮೊದಲು ರಜೆ ಕೇಳುವ ಹಾಗಿಲ್ಲ. ಹಾಗಾಗಿ ಡಿಸ್ಚಾರ್ಜ್ ಆದ ದಿನ ಅವಳನ್ನು ಹೊನ್ನಾವರಕ್ಕೆ, ನಮ್ಮ ಮನೆಗೇ ಕರೆದುಕೊಂಡು ಬಂದೆವು. ಹೊರಡುವಾಗ ವಾರ್ಡಿನ ಸಿಸ್ಟರ್ ಬಾಗಿಲ ಹತ್ತಿರ ನಿಂತು ಹೇಳಿದ್ದು ನನಗೆ ಕೇಳಿಸಿತ್ತು: ತೊಡೆಗೆ ಅಂಟಿಸಿದ, ಮೇಣ ಸವರಿದ ಬಲೆಯಂಥ ಗಾಜ್ ಬಟ್ಟೆ ತೆಗೆಯಬಾರದು, ಅಡಿಯಲ್ಲಿ ಹೊಸ ಚರ್ಮ ಬಂದ ಮೇಲೆ ತಾನೇ ಬಿಡುತ್ತದೆ, ಅಂಚು ಎದ್ದರೆ ಎದ್ದಷ್ಟನ್ನು ಮಾತ್ರ ಕತ್ತರಿಸಬೇಕು. ತಲೆ ಆಡಿಸಿದೆ. ತಲೆ ಆಡಿಸುವಾಗ ನನ್ನ ಲಕ್ಷ್ಯವೆಲ್ಲ ಫ್ಲಾಸ್ಕು ಎಲ್ಲಿಟ್ಟೆ, ಎಕ್ಸ್‌ರೇ ಕವರು ಯಾರ ಕೈಯಲ್ಲಿದೆ ಎಂಬುದರ ಮೇಲಿತ್ತು.

ಮನೆಗೆ ಬಂದ ಮೇಲೆ ಆ ಗಾಜ್ ಬಟ್ಟೆ ಒಣಗಿ ಹಲಗೆಯ ಹಾಗಾಯಿತು. ಬಣ್ಣ ಕಾಫಿ ಡಿಕಾಕ್ಷನ್ನಿನದು, ಅಂಚು ಕಪ್ಪು. ಸೆಖೆ ಶುರುವಾಗಿತ್ತು. ಬೆವರಿಗೆ ಒಂದು ನಮೂನೆ ವಾಸನೆ. ನೋಡಲು ಬರುವವರು ಹಣ್ಣು ಹಿಡಿದುಕೊಂಡು ಬಂದು, ಮಂಚದ ಹತ್ತಿರ ಕೂತು, ಮೂಗಿನ ಹತ್ತಿರ ಸೆರಗು ತರುತ್ತಿದ್ದರು. ನಾನು ತೊಳೆಯದ ಒಂದು ಲೋಟ ಕಂಡರೂ ಕೂರಲಾರದವಳು. ಆ ಕೊಳಕು ಬಟ್ಟೆ ನೋಡಿಕೊಂಡು ದಿನ ಕಳೆಯುವುದು ನನಗೆ ಶಿಕ್ಷೆ ಆಗಿತ್ತು.

ಅಷ್ಟರಲ್ಲಿ ಯುಗಾದಿ ಬಂತು. ನಮ್ಮಲ್ಲಿ ಯುಗಾದಿಗೆ ಮನೆಯ ಎಲ್ಲರಿಗೂ ಎಣ್ಣೆಸ್ನಾನ ಆಗಬೇಕು, ಮಲಗಿದ ರೋಗಿಗೂ. "ಹೊಸ ವರ್ಷದ ದಿನ ಆ ಹೊಲಸು ಬಟ್ಟೆ ಕಟ್ಕಂಡು ಕೂರೂದಾ?" ಎಂದು ಅತ್ತೆ ಎರಡು ದಿನದಿಂದ ಹೇಳುತ್ತಲೇ ಇದ್ದರು. ನನಗೂ ಅಷ್ಟೇ ಬೇಕಾಗಿತ್ತು. ಎಣ್ಣೆ ಬೆಚ್ಚಗೆ ಮಾಡಿ, ಬಚ್ಚಲಿನಲ್ಲಿ ಸುಲುವನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲಿನ ಪಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ತೊಡೆಯ ಬಟ್ಟೆಗೆ ಎಣ್ಣೆ ಹಾಕಿದೆ.

"ಬೇಡ ಅತ್ತಿಗೆ, ತೆಗೀಬಾರ್ದು ಅಂದಿದ್ರಲ್ದಾ?"

"ತೆಗೆಯೂದಲ್ಲ ಮಾರಾಯ್ತಿ, ಬರೇ ನೆನ್ಸೂದು."

ನೆನೆಯಿತು. ಬಿಸಿನೀರು ಹೊಯ್ದೆ. ಒಂದು ಮೂಲೆ ಎದ್ದಿತು. ಎದ್ದ ಮೂಲೆ ಹಿಡಿದು ಎಳೆದೆ, ಸಲೀಸಾಗಿ ಬಂತು. ಅಡಿಯಲ್ಲಿ ತೆಳ್ಳಗಿನ ಗುಲಾಬಿ ಚರ್ಮ ಕಂಡಿತು. ಗುಣ ಆಗಿದೆ, ಸುಮ್ಮನೆ ಹೆದರಿದ್ದೆವು ಎನ್ನಿಸಿತು. ಅಂಚು ಬಂದ ಧೈರ್ಯದ ಮೇಲೆ ನಡುವನ್ನೂ ಎಳೆದೆ. ನಡುವು ಬರುವಾಗ ಒಂದು ಸದ್ದಾಯಿತು. ಹಳೆಯ ಬಟ್ಟೆ ಹರಿದ ಸದ್ದು. ಸುಲು ಕೂಗಲಿಲ್ಲ. ಹಂಡೆಯ ಕಂಠ ಹಿಡಿದುಕೊಂಡಳು, ಅದು ಬಿಸಿ ಇದೆ ಎನ್ನುವುದೂ ಅವಳಿಗೆ ಗೊತ್ತಾಗಲಿಲ್ಲ. ತೊಡೆಯ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ನೆತ್ತರ ಚುಕ್ಕೆಗಳು ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಎಲ್ಲ ಒಂದಾಗಿ ಹರಿದವು. ಕೈಯಲ್ಲಿದ್ದ ಬಟ್ಟೆಯ ಒಳಮೈಗೆ ಎಂಟು ದಿನ ಬೆಳೆದ ಅವಳ ಚರ್ಮ ಅಂಟಿಕೊಂಡಿತ್ತು.

ಅಂದು ಮನೆಯಲ್ಲಿ ಬೇವುಬೆಲ್ಲ ಯಾರೂ ತಿನ್ನಲಿಲ್ಲ.

ಎರಡು ವಾರದಲ್ಲಿ ಒಣಗಬೇಕಾದ ತೊಡೆ ಐದು ವಾರ ತೆಗೆದುಕೊಂಡಿತು. ತಾಲೂಕು ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋಗುವುದು, ತರುವುದು. ಬಲಕ್ಕೆ ಹೊರಳುವ ಹಾಗಿಲ್ಲ, ಎಡಗಾಲು ಮಡಚುವ ಹಾಗಿಲ್ಲ. ಅಂಗಾತ ಮಲಗಿ ಮಲಗಿ ಅವಳ ಬೆನ್ನಿಗೆ ಬೆವರುಸಾಲೆ. ನಾನು ಪೌಡರು ಹಾಕುವುದು, ಹೊದಿಕೆ ಬದಲಿಸುವುದು, ಬೆಡ್‌ಪ್ಯಾನು ತೊಳೆಯುವುದು. ಸುಲು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು. ಅದರ ಬದಲು ಬಂದವರ ಹತ್ತಿರ ತಮಾಷೆ ಮಾಡುತ್ತಿದ್ದಳು: "ನಮ್ಮ ಅತ್ತಿಗೆ ಹಲಸಿನಕಾಯಿ ಕೆತ್ತೂದ್ರಲ್ಲಿ ಭಾರಿ ಹುಷಾರಿ. ನನ್ನ ತೊಡೆ ಮೇಲೆ ಅಭ್ಯಾಸ ಮಾಡ್ಕಂಡ್ಲು." ಬಂದವರು ನಗುತ್ತಿದ್ದರು. ನಾನು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ, ಒಳಗೆ ಹೋಗಿ ಮಜ್ಜಿಗೆಯನ್ನೇ ತರುತ್ತಿದ್ದೆ. ಬೇರೆ ಎಂತ ಮಾಡಲಿಕ್ಕಿತ್ತು?

ತಪಾಸಣೆಗೆ ದೊಡ್ಡ ಆಸ್ಪತ್ರೆಗೆ ಹೋದ ದಿನ ಡಾಕ್ಟರು ಕಾಲಿನ ಪಟ್ಟಿ ಬಿಚ್ಚಿ ಸುಮಾರು ಹೊತ್ತು ನೋಡಿದರು. ಮೇಲಿನ ಭಾಗ ಚೆನ್ನಾಗಿ ಹಿಡಿದಿತ್ತು. ಪಾದದ ಗಂಟಿನ ಹತ್ತಿರ ಅಂಗೈಯಷ್ಟು ಜಾಗದಲ್ಲಿ ಕಸಿ ಹಿಡಿದಿರಲಿಲ್ಲ. ಮತ್ತೊಮ್ಮೆ ಹಾಕಬೇಕು, ಈ ಸಲ ಎಡತೊಡೆಯಿಂದ ಎಂದರು. ಅದು ನನ್ನಿಂದ ಆದದ್ದೋ ಎಂದು ಕೇಳಿದೆ. "ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಂಟಿನ ಹತ್ತಿರ ಅಲುಗಾಟ ಜಾಸ್ತಿ" ಅಂದರು. ನಂಬಿದೆ. ಪೂರ್ತಿ ಅಲ್ಲ.

ಸುಲು ಮಾತ್ರ ಆಗದು ಎಂದಳು. "ಕಾಲು ಹೀಂಗೇ ಇರ್ಲಿ ಡಾಕ್ಟ್ರೆ. ಇನ್ನೊಂದು ತೊಡೆ ನಾ ಕೊಡೂದಿಲ್ಲ."

ಬಿಟ್ಟರೆ ಗಾಯ ತಿಂಗಳುಗಟ್ಟಲೆ ತೆರೆದೇ ಇರುತ್ತದೆ, ಒಣಗಿದರೂ ಗಂಟು ಜಗ್ಗಿ ಹಿಡಿಯುತ್ತದೆ, ಪಾದ ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಂಗನವಾಡಿ ಟೀಚರಿಗೆ ಪಾದ ಮಡಚಲು ಬಾರದಿದ್ದರೆ ಏನು ಉಳಿಯಿತು? ನೆಲದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಇಪ್ಪತ್ತು ಮಕ್ಕಳ ಮೂಗು ಒರೆಸುವವಳು ಅವಳು. ಅದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಬೇಡ ಅಂದಳು. ಅಷ್ಟು ನೋವಾಗಿತ್ತು ಅವಳಿಗೆ ಎಂದು ನನಗೆ ಅಲ್ಲಿಯೇ ತಿಳಿದದ್ದು.

"ತೊಡೆ ಇಷ್ಟು ತಡ ಯಾಕೆ ಆಯಿತು?" ಡಾಕ್ಟರು ಕೇಳಿದರು. ನಾನೇ ಹೇಳಿದೆ, ಯುಗಾದಿ, ಎಣ್ಣೆ, ಎಲ್ಲ. ಅವರು ಬೈಯಲಿಲ್ಲ. ಕಪಾಟಿನಿಂದ ಮೂರು ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಒಂದು ಹಳೆಯ ಮೇಣದ ಗಾಜ್ ಬಟ್ಟೆ: ಒಣಗಿ ತಾನೇ ಬೀಳುವವರೆಗೆ ಬಿಡುವಂಥದ್ದು, ನೋವು ಹೆಚ್ಚು. ಎರಡನೆಯದು ಸಮುದ್ರದ ಪಾಚಿಯಿಂದ ಮಾಡಿದ ಬಿಳಿ ಹತ್ತಿಯಂಥ ಹಾಳೆ: ಗಾಯದ ನೀರು ಚೆನ್ನಾಗಿ ಕುಡಿಯುತ್ತದೆ, ಮೇಲೆ ದಪ್ಪ ಪಟ್ಟಿ ಕಟ್ಟಬೇಕು. ಮೂರನೆಯದು ತೆಳ್ಳಗಿನ ಪಾರದರ್ಶಕ ಹಾಳೆ, ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಬೈಂಡಿನ ಹಾಗೆ: ನೋವು ಕಡಿಮೆ, ಒಳಗಿನದೆಲ್ಲ ಹೊರಗಿನಿಂದಲೇ ಕಾಣುತ್ತದೆ, ಆದರೆ ಅಡಿಯಲ್ಲಿ ನೀರು ತುಂಬುತ್ತದೆ, ಸೋರುತ್ತದೆ, ನಿಮ್ಮ ಕರಾವಳಿ ಬೆವರಿಗೆ ಅಂಚು ಏಳುತ್ತದೆ.

"ಯಾವುದು ಒಳ್ಳೇದು ಸಾರ್?" ಯಜಮಾನರು ಕೇಳಿದರು.

"ಮೂರರಲ್ಲೂ ಗುಣ ಆಗ್ತದೆ. ನಿಮ್ಮ ಮನೆಯಲ್ಲಿ ಯಾವುದು ನಡೀತದೆ ಅನ್ನೋದೇ ಪ್ರಶ್ನೆ."

ಸುಲು ನನ್ನ ಕಡೆ ನೋಡಲಿಲ್ಲ. ಡಾಕ್ಟರ ಹತ್ತಿರ ಹೇಳಿದಳು: "ನಮ್ಮ ಅತ್ತಿಗೆನೇ ಕೇಳಿ. ಅವಳ ಕೈ ಯಾವ್ದನ್ನ ಮುಟ್ಟದೆ ಇರ್ತದೆ ಅಂತ ಅವಳೇ ಹೇಳ್ಲಿ. ಹೇಳಿದ್ರೆ ನಾ ತೊಡೆ ಕೊಡ್ತೆ."

ಸ್ವಲ್ಪ ಹೊತ್ತು ಕೊಡಿ ಎಂದು ಡಾಕ್ಟರಿಗೆ ಹೇಳಿ ಎದ್ದೆ. ಹೊರಗೆ ಬೆಂಚಿನ ಮೇಲೆ ಕೂತೆ. ಅಲ್ಲಿಗೆ ವಾರ್ಡಿನ ಸಿಸ್ಟರ್ ಗ್ರೇಸಿ ಬಂದರು, ಮೊದಲ ಸಲ ಬಾಗಿಲ ಹತ್ತಿರ ನಿಂತು ಬುದ್ಧಿ ಹೇಳಿದವರು ಇವರೇ. ತವರು ನಮ್ಮ ಹೊಳೆಯ ಆಚೆ ದಡ ಎಂದು ಮಾತಿನಲ್ಲಿ ಗೊತ್ತಾಗಿ, ಆವತ್ತಿನಿಂದ ಅವರನ್ನು ಗ್ರೇಸಿಬಾಯಿ ಎನ್ನುತ್ತಿದ್ದೆ. ಎಲ್ಲ ಕೇಳಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು.

"ಅನ್ನಕ್ಕಿಟ್ರೆ ಮುಚ್ಚಳ ಎಷ್ಟು ಸಲ ತೆಗೆದು ನೋಡ್ತೀರಿ?"

"ನಾಲ್ಕು ಸಲ. ಐದು."

"ಹಾಗಾದ್ರೆ ಮುಚ್ಚಿಟ್ಟದ್ದು ನಿಮಗಾಗೂದಿಲ್ಲ. ಗಾಜ್ ಬಟ್ಟೆ ಆದ್ರೂ, ಪಾಚಿದಾದ್ರೂ, ಒಳಗೆ ಎಂತ ಆತು ಅಂತ ಕೈ ತುರಿಸ್ತದೆ. ಕಾಣೂದನ್ನೇ ತಕಳಿ. ಕಂಡು ಹೆದ್ರಿಕೆ ಆದ್ರೆ ನಂಗೆ ಫೋನ್ ಮಾಡಿ. ಬೈಗುಳ ಬೇಕಾದ್ರೂ ಕೇಳ್ತೆ. ಬಿಚ್ಚಬೇಡಿ."

ಒಳಗೆ ಹೋಗಿ ಪಾರದರ್ಶಕ ಹಾಳೆ ಎಂದೆ. ಸುಲು ಸಹಿ ಹಾಕಿದಳು. ಹಾಕುವಾಗ, "ತಪ್ಪಿದ್ರೆ ಇನ್ನು ತೊಡೆ ಇಲ್ಲ ಅತ್ತಿಗೆ, ಎರಡೇ ಇರೂದು" ಅಂದಳು.

ಎರಡನೇ ಆಪರೇಶನ್ ಆಗಿ ನಾಲ್ಕನೆಯ ದಿನ ಮನೆಗೆ ಬಂದೆವು. ಕಡಲಿನ ಕಡೆಯಿಂದ ಗಾಳಿಯೇ ಇಲ್ಲದ ದಿನಗಳು. ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಮಂಚದ ಮೇಲೆ ಎಡತೊಡೆ, ಅದರ ಮೇಲೆ ಆ ಹಾಳೆ, ಹಾಳೆಯ ಅಡಿಯಲ್ಲಿ ಕೆಂಪು ಮಾಂಸ, ಗಾಜಿನ ಡಬ್ಬಿಯೊಳಗೆ ಇಟ್ಟ ಹಾಗೆ. ಮರುದಿನಕ್ಕೆ ಅಡಿಯಲ್ಲಿ ನೀರು ಹೆಚ್ಚಿ ಉಬ್ಬಿತು. ಅದರ ಬಣ್ಣ ಮುರುಗಲ ಪಾನಕದ್ದು, ಕಂದುಗೆಂಪು. ಅವಳು ಅಲುಗಿದರೆ ಅದೂ ತುಳುಕುತ್ತಿತ್ತು.

ಅತ್ತೆ ನೋಡಿದವರೇ, "ಕೀವು! ಕೀವು ತುಂಬ್ತು! ಸೂಜಿ ಕಾಯ್ಸಿ ಒಂದು ತೂತು ಹಾಕೇ, ಇಲ್ದಿದ್ರೆ ಒಳಗೇ ಕೊಳೀತದೆ" ಅಂದರು. ಯಜಮಾನರು ಕುಮಟೆಯಲ್ಲಿ ಗೊತ್ತಿರುವ ಡಾಕ್ಟರೊಬ್ಬರಿಗೆ ತೋರಿಸುವ ಎಂದು ಅಂಗಿ ಹಾಕಿಕೊಂಡರು. ನಾನು ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಂತೆ. ಸುಲು ಮೇಲಿನ ಹಂಚು ಎಣಿಸುತ್ತಿದ್ದಳು, ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ.

ಗ್ರೇಸಿಬಾಯಿಗೆ ಫೋನ್ ಮಾಡಿದೆ. ಅವರು ನಾಲ್ಕು ವಿಷಯ ಕೇಳಿದರು. ಜ್ವರ ಇದೆಯೋ? ಇಲ್ಲ. ಸುತ್ತಲಿನ ಒಳ್ಳೆಯ ಚರ್ಮ ಕೆಂಪಾಗಿ ಹರಡುತ್ತಿದೆಯೋ? ಇಲ್ಲ. ಕೆಟ್ಟ ವಾಸನೆ? ಇಲ್ಲ. ನೋವು ದಿನದಿಂದ ದಿನಕ್ಕೆ ಹೆಚ್ಚೋ? ಅದನ್ನು ಸುಲುವಿಗೇ ಕೇಳಿದೆ.

"ನೋವೆಲ್ಲಿದೆ? ಈ ತೊಡೆ ಇದೆ ಅಂತಲೇ ಗೊತ್ತಾಗೂದಿಲ್ಲ" ಅಂದಳು.

"ಹಾಗಾದ್ರೆ ಅದು ಕೀವಲ್ಲ, ಗಾಯದ ನೀರು. ಆ ನೀರಲ್ಲೇ ಚರ್ಮ ಬೆಳೆಯೂದು. ಸೋರಿದ್ರೆ ಸೋರ್ಲಿ, ಮೇಲಿಂದ ಇನ್ನೊಂದು ತುಂಡು ಅಂಟಿಸಿ. ಈ ನಾಲ್ಕರಲ್ಲಿ ಒಂದು ಬಂದ್ರೂ ಆವತ್ತೇ ಕರ್ಕಂಡು ಬನ್ನಿ. ಮತ್ತೆ ಮೀನು, ಮೊಟ್ಟೆ ಕೊಡ್ತಿದ್ದೀರಾ?"

ಮೀನು ನಂಜು ಎಂದು ಅತ್ತೆ ಎರಡು ತಿಂಗಳಿಂದ ಕೊಡಲು ಬಿಟ್ಟಿರಲಿಲ್ಲ. ಫೋನನ್ನು ಅವರ ಕಿವಿಗೇ ಹಿಡಿದೆ. ಆಚೆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. ಮಧ್ಯಾಹ್ನ ಅತ್ತೆಯೇ ಬಂಗಡೆ ಸಾರು ಕುದಿಸಿದರು.

ಮರುದಿನ ಸೋರಿತು. ಹಾಸಿಗೆ, ಹೊದಿಕೆ, ಅವಳ ಲಂಗ ಎಲ್ಲ. ಒಗೆದು ಹಾಕಿದ್ದು ಒಣಗುವುದರೊಳಗೆ ಇನ್ನೊಂದು. ಆಸ್ಪತ್ರೆಯಿಂದ ಕೊಟ್ಟ ಹಾಳೆ ಮುಗಿಯಿತು. ಹೊನ್ನಾವರದ ಅಂಗಡಿಗಳಲ್ಲಿ ಇರಲಿಲ್ಲ, ಕುಮಟೆಯಲ್ಲಿ ಬೆರಳಗಲದ್ದು ಮಾತ್ರ ಇತ್ತು. ಕೊನೆಗೆ ಭಟ್ಕಳದ ಮೆಡಿಕಲ್ ಅಂಗಡಿಯ ಸಾಹೇಬರೊಬ್ಬರು ಎಲ್ಲಿಂದಲೋ ತರಿಸಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಕಳಿಸುವ ಮೊದಲು ಫೋನಿನಲ್ಲಿ, "ಗಾಯ ಎಷ್ಟು ದೊಡ್ಡದು ಬೆಹೆನ್? ಗಾಯದ ಹೊರಗೆ ಸುತ್ತಲೂ ಮೂರು ಬೆರಳು ಒಳ್ಳೆ ಚರ್ಮದ ಮೇಲೆ ಕೂರಬೇಕು, ಇಲ್ಲಾಂದ್ರೆ ಏಳ್ತದೆ" ಎಂದು ಅಳತೆ ಕೇಳಿದರು. ನಾನು ತೊಡೆಯ ಮೇಲೆ ಪೇಪರು ಹಿಡಿದು ಅಳೆದು ಹೇಳಿದೆ, ಮುಟ್ಟದೆ.

ಬೆವರಿನ ಮೇಲೆ ಆ ಹಾಳೆ ಅಂಟುವುದಿಲ್ಲ. ಸುತ್ತಲಿನ ಚರ್ಮ ಒರೆಸಬೇಕು, ಆರಿಸಬೇಕು, ಮತ್ತೆ ಬೆವರುವುದರೊಳಗೆ ಅಂಟಿಸಬೇಕು. ಕರೆಂಟು ಇಲ್ಲದಾಗ ಅತ್ತೆ ಬೀಸಣಿಗೆ ಹಿಡಿದು ಕೂತು ಬೀಸುತ್ತಿದ್ದರು. ಅವರ ಕೈ ಸೋತರೂ ನಿಲ್ಲಿಸುತ್ತಿರಲಿಲ್ಲ. ಯುಗಾದಿಯ ವಿಷಯ ನಾವಿಬ್ಬರೂ ಆಡಲಿಲ್ಲ. ಅವರು ಬೀಸಿದರು, ನಾನು ಅಂಟಿಸಿದೆ. ತೇಪೆಯ ಮೇಲೆ ತೇಪೆ ಬಿದ್ದು ಆ ತೊಡೆ ಹಳೆಯ ಕೊಡೆಯ ಹಾಗಾಯಿತು.

ಕೈ ಸುಮ್ಮನಿರಿಸುವುದು ಒಂದು ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಬೇರೆ ಕೆಲಸಕ್ಕಿಂತ ಹೆಚ್ಚು ದಣಿವು ಅದರಲ್ಲಿ. ಅಕ್ಕಿ ಆರಿಸಿದೆ, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ಆ ವರ್ಷ ನಮ್ಮಲ್ಲಿ ಹಪ್ಪಳ ಎರಡು ಮಳೆಗಾಲಕ್ಕೆ ಆಗುವಷ್ಟು ಆಯಿತು. ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ: ಇಂದು ಕಂದು ನೀರು. ಇಂದು ಕಡಿಮೆ. ಎರಡು ಸಲ ಸೋರಿತು. ಇಂದು ಹಳದಿ, ವಾಸನೆ ಇಲ್ಲ. ಸೋರಲಿಲ್ಲ. ಬದಿಯಲ್ಲಿ ಗುಲಾಬಿ ಕಂಡಿತು. ಎಷ್ಟು ದಣಿದಿದ್ದೆನೆಂದರೆ ಒಂದು ಚೌಕದಲ್ಲಿ ತೊಡೆ ಬದಲು ದೋಸೆ ಎಂದು ಬರೆದದ್ದು ಮರುವರ್ಷ ಕ್ಯಾಲೆಂಡರು ತೆಗೆಯುವಾಗ ಕಂಡಿತು.

ಹತ್ತನೆಯ ದಿನಕ್ಕೆ ತುರಿಕೆ ಶುರು. ಸುಲು ಪೇಪರು ಓದುವ ನೆಪದಲ್ಲಿ ಉಗುರು ಹಾಳೆಯ ಅಂಚಿಗೆ ತಂದಳು. ಅಡುಗೆಮನೆಯಿಂದಲೇ ಕಂಡು ಓಡಿ ಬಂದು ಅವಳ ಕೈಗೆ ಒಂದು ಕೊಟ್ಟೆ. "ಮುಟ್ಬೇಡ!"

ಅವಳು ಕೈ ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದಳು. "ಅಬ್ಬಾ! ಯಾರು ಹೇಳೂದು ನೋಡು!" ಅಂದಳು. ಮೊದಲು ಅತ್ತೆ ನಕ್ಕರು. ಆಮೇಲೆ ನಾವೂ. ಅವಳ ತಮಾಷೆಗೆ ನಾನು ಒಳಗೆ ಹೋಗದೆ ಅಲ್ಲೇ ನಿಂತು ನಕ್ಕದ್ದು ಅದೇ ಮೊದಲು.

ಕಾಲಿನ ಕಸಿ ಈ ಸಲ ಹಿಡಿಯಿತು, ಅದನ್ನು ತಾಲೂಕು ಆಸ್ಪತ್ರೆಯವರೇ ನೋಡಿ ಹೇಳಿದರು. ಈಗ ಅವಳು ಅದೇ ಹೈವೇಯಲ್ಲಿ ಸ್ಕೂಟರು ಓಡಿಸುತ್ತಾಳೆ, ಮಕ್ಕಳ ನಡುವೆ ನೆಲದಲ್ಲಿ ಕೂರುತ್ತಾಳೆ, ಏಳುವಾಗ ಒಂದು ಕೈ ನೆಲಕ್ಕೆ ಊರುತ್ತಾಳೆ. ಬಲತೊಡೆಯ ನಡುವೆ ನನ್ನ ಗುರುತು ಕಪ್ಪಗೆ ದಪ್ಪಗೆ ಉಳಿದಿದೆ. ಸೆಖೆಗೆ ಅದು ತುರಿಸುತ್ತದಂತೆ.

ಆದರೆ ನಾನು ಹೇಳಬೇಕೆಂದದ್ದು ಹದಿನಾಲ್ಕನೆಯ ದಿನದ ಬೆಳಗಿನದು. ಸುಲು ಕುರ್ಚಿಯಿಂದ ಎದ್ದಾಗ ಹಾಳೆಯ ಒಂದು ಬದಿ ತಾನೇ ಬಿಟ್ಟು ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಸುತ್ತಿತ್ತು. ಅಡಿಯಲ್ಲಿ ನೀರಿರಲಿಲ್ಲ. ಗ್ರೇಸಿಬಾಯಿಗೆ ಫೋಟೋ ಕಳಿಸಿದೆವು. ತಾನಾಗಿ ಬಿಟ್ಟಷ್ಟನ್ನು ತೆಗೆಯಬಹುದು ಎಂದು ಉತ್ತರ ಬಂತು.

"ತಗಿ ಅತ್ತಿಗೆ."

"ನಾ ಮುಟ್ಟೂದಿಲ್ಲ. ನೀನೇ ತೆಗೆದುಕೊ. ಇಲ್ಲಾ ಆಸ್ಪತ್ರೆಗೆ ಹೋಗುವ."

"ನೀನೇ ತಗೀಬೇಕು" ಎಂದು ಅವಳು ಲಂಗ ಸರಿಸಿ, ತೊಡೆಯನ್ನು ನನ್ನ ಮುಂದೆ ಚಾಚಿ ಕೂತಳು. ಹಿಡಿದುಕೊಳ್ಳಲಿಕ್ಕೆ ಏನೂ ಹುಡುಕಲಿಲ್ಲ. ಎರಡೂ ಕೈ ಸುಮ್ಮನೆ ಮಡಿಲಲ್ಲಿದ್ದವು.

ಕೈ ತೊಳೆದು ಬಂದೆ. ಎದ್ದ ಅಂಚು ಹಿಡಿದು ಮೆಲ್ಲಗೆ ಮಡಚಿದೆ. ಬಂತು. ಅಡಿಯಲ್ಲಿ ಎಳೆ ಮಗುವಿನ ಅಂಗಾಲಿನ ಬಣ್ಣ, ಒಣಗಿದ್ದು, ಒಂದು ಚುಕ್ಕೆ ನೆತ್ತರಿಲ್ಲ. ಅರ್ಧ ಬಂತು. ಮುಕ್ಕಾಲು ಬಂತು. ನಡುವೆ ಹೆಬ್ಬೆರಳಗಲದ ಒಂದು ಜಾಗದಲ್ಲಿ ಹಾಳೆ ಇನ್ನೂ ಹಿಡಿದುಕೊಂಡಿತ್ತು. ಕೈ ನಿಲ್ಲಿಸಿದೆ. ಅತ್ತೆಯ ಹತ್ತಿರ ಕತ್ತರಿ ಕೇಳಿ, ಬಿಟ್ಟಷ್ಟನ್ನು ಕತ್ತರಿಸಿ, ಆ ಹೆಬ್ಬೆರಳಗಲದ್ದನ್ನು ಹಾಗೇ ಬಿಟ್ಟೆ.

ಸುಲು ಬಗ್ಗಿ ನೋಡಿದಳು. "ಅದೂ ಬರ್ತದೆ ಅತ್ತಿಗೆ. ಸ್ವಲ್ಪ ಎಳೆದ್ರೆ ಸಾಕು."

"ಬರೂದಿಲ್ಲ. ಅದರ ದಿನ ಇನ್ನೂ ಆಗ್ಲಿಲ್ಲ" ಅಂದೆ.

ಅವಳು ಲಂಗ ಸರಿಮಾಡಿಕೊಂಡು, "ಹಸಿವಾಗ್ತದೆ" ಅಂದಳು.

ಅಂದು ಮಧ್ಯಾಹ್ನ ಕುಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಈಶಾಡ ಮಾವಿನಹಣ್ಣಿಗೆ ಕಾಯಿ, ಸಾಸಿವೆ ಅರೆದು ಹಾಕಿದ ಗೊಜ್ಜು ಮಾಡಿದ್ದೆ. ಸುಲು ಮಂಚದ ಮೇಲಲ್ಲ, ನಮ್ಮ ಜೊತೆ ನೆಲದಲ್ಲಿ ಕಾಲು ಚಾಚಿ ಕೂತು ಎರಡು ಸಲ ಬಡಿಸಿಕೊಂಡಳು. ಅತ್ತೆ ಮಾವಿನ ಗೊರಟು ಚೀಪುತ್ತ ಇದ್ದರು. ನಾನು ಬಟ್ಟಲು ತೆಗೆಯಬೇಕೆಂದು ಗೋಡೆಗೆ ಒರಗಿದ್ದಷ್ಟೇ ನೆನಪು. ಎಂಜಲು ಕೈಯಲ್ಲೇ, ಅವರಿಬ್ಬರ ಊಟ ಮುಗಿಯುವ ಮೊದಲೇ, ನಾನು ನಿದ್ದೆ ಹೋಗಿದ್ದೆನಂತೆ.